ಮನೆಮಂದಿಯೊಂದಿಗೆ ಪರಿಷೆಗೆ ಬನ್ನಿ

ತರುಣ ಮಿತ್ರರೇ,

ನವೆಂಬರ್ 1ರಂದು ಬಾವುಟ ಹಾರಿಸಿ ಮನೆಗೆ ಹೋದರೆ ಕನ್ನಡ ಉಳಿಯುವುದೇ? ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಬನ್ನಿ. ಅಜ್ಜಿಯನ್ನೂ ಮಕ್ಕಳನ್ನೂ ಕರೆತನ್ನಿ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರು ಮೊದಲ ಬೆಳೆಯನ್ನು ದೊಡ್ಡ ಬಸವಣ್ಣನಿಗೆ ಅರ್ಪಿಸಿದ್ದರಿಂದ ಹುಟ್ಟಿದ ಜಾತ್ರೆ ಇದೆಂಬ ಪ್ರತೀತಿಯಿದೆ. ಆ ಹೊಲಗಳೆಲ್ಲ ಬಡಾವಣೆಗಳಾದವು. ಪರಿಷೆ ಮಾತ್ರ ಉಳಿದಿದೆ.

ಎರಡು ವರ್ಷದ ಹಿಂದೆ ಅಲ್ಲಿ ನನ್ನ ಮಗ ಕಡಲೆಕಾಯಿ ಮಾರುವ ತಾಯಿಗೆ 'ಹೌ ಮಚ್?' ಎಂದ. ಆಕೆ ತಬ್ಬಿಬ್ಬಾದರು. ಕನ್ನಡದ ಕರಪತ್ರ ಅಚ್ಚು ಹಾಕುವ ನಾನು ತಲೆ ತಗ್ಗಿಸಿದೆ. ತಪ್ಪು ಮಗನದಲ್ಲ, ಅವನನ್ನು ಪರಿಷೆಗೆ ತಡವಾಗಿ ಕರೆತಂದ ನನ್ನದು!

ಹೋದ ವರ್ಷ ಅವನೇ 'ಸೇರು ಎಷ್ಟಮ್ಮ?' ಎಂದು ಕೇಳಿದ. ಆಕೆ ನಕ್ಕು, ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕಿದರು. ಮಾತಾಡಿದರೆ ಭಾಷೆ ಉಳಿಯುತ್ತದೆ ಬಂಧುಗಳೇ, ಕೊಸರೂ ಸಿಗುತ್ತದೆ!

ಸಿರಿಗನ್ನಡಂ ಗೆಲ್ಗೆ!