ಸೀಳಿನಲ್ಲಿ ಉಳಿದ ಅಂಟು

(ಮರಗೆಲಸ ಕಲಿಯುವ ಯುವಕರ ಕೂಟದಲ್ಲಿ ಮಾಡಿದ ಭಾಷಣ)



ಗಿಟಾರ್ ಕಟ್ಟುವವರು ಮಾಡುವ ಕೆಲಸಗಳಲ್ಲಿ ಕೊಳ್ಳುವವರ ಕಣ್ಣಿಗೆ ಎಂದೂ ಬೀಳದ ಕೆಲಸವೊಂದಿದೆ. ಫ್ರೆಟ್ ಕೂರುವ ಸೀಳುಗಳಲ್ಲಿ ಒಣಗಿಹೋದ ಅಂಟನ್ನು ತೆಗೆಯುವುದೇ ಆ ಕೆಲಸ. ಅದರ ವಿಷಯವಾಗಿ ನಾಲ್ಕು ಮಾತು ಹೇಳುತ್ತೇನೆ.

ವೀಣೆಯನ್ನು ನೀವೆಲ್ಲ ನೋಡಿದ್ದೀರಿ. ಅದರ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಸ್ವರ ತಪ್ಪಿದರೆ ಮೇಣವನ್ನು ಸಡಿಲಿಸಿ ಮತ್ತೆ ಕೂರಿಸಬಹುದು. ಗಿಟಾರಿನದು ಬೇರೆ ರೀತಿ. ಕುತ್ತಿಗೆಯ ಮೇಲಿನ ಹಲಗೆಯಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ಅಗಲದ, ಸುಮಾರು 2 ಮಿಲಿಮೀಟರ್ ಆಳದ ಸೀಳು ಕೊಯ್ಯುತ್ತಾರೆ. ಫ್ರೆಟ್ ತಂತಿಯ ತಳದ ನಾಲಗೆಯನ್ನು ಅದರೊಳಗೆ ಇಳಿಸುತ್ತಾರೆ. ಆ ನಾಲಗೆಗೆ ಸಣ್ಣ ಮುಳ್ಳುಗಳಿವೆ. ಅವು ಮರವನ್ನು ಕಚ್ಚಿಕೊಂಡರೆ ಮಾತ್ರ ಫ್ರೆಟ್ ನಿಲ್ಲುತ್ತದೆ.

ಅಲ್ಲಿಗೆ ಅಂಟು ಬರುವುದು ಹೇಗೆ? ಹಲಗೆಯನ್ನು ಕುತ್ತಿಗೆಗೆ ಅಂಟಿಸಿ ಕ್ಲ್ಯಾಂಪ್ ಬಿಗಿದಾಗ ಹೆಚ್ಚಾದ ಅಂಟು ಪಕ್ಕದಿಂದ ಹೊರಬಂದು ಸೀಳಿನ ತುದಿಗೆ ನುಗ್ಗುತ್ತದೆ. ಅಂಚಿನ ಪಟ್ಟಿ ಅಂಟಿಸುವಾಗಲೂ ಹಾಗೆಯೇ. ಹಳೆಯ ಗಿಟಾರಿನ ಫ್ರೆಟ್ ಕಿತ್ತರೆ ಹಿಂದಿನವರು ಹಾಕಿದ ಅಂಟು ಒಳಗೇ ಉಳಿದಿರುತ್ತದೆ.

ಅದರ ಮೇಲೆಯೇ ಫ್ರೆಟ್ ಇಟ್ಟು ಸುತ್ತಿಗೆಯಿಂದ ಜೋರಾಗಿ ಹೊಡೆದರೆ ಏನಾಗುತ್ತದೆ? ತಳ ಮುಟ್ಟದ ಫ್ರೆಟ್ ಎದ್ದು ನಿಲ್ಲುತ್ತದೆ, ತಂತಿ ಅದಕ್ಕೆ ತಗುಲಿ ಝರ್ ಎನ್ನುತ್ತದೆ. ಸೀಳು ಇಕ್ಕಟ್ಟಾಗಿದ್ದರೆ ಪ್ರತಿಯೊಂದು ಫ್ರೆಟ್ಟೂ ಬೆಣೆಯಂತೆ ಮರವನ್ನು ಅಗಲಿಸುತ್ತದೆ. 20 ಸೀಳುಗಳಲ್ಲಿ 20 ಬೆಣೆ ಹೊಡೆದರೆ ಕುತ್ತಿಗೆಯೇ ಹಿಂದಕ್ಕೆ ಬಾಗುತ್ತದೆ.

ಆದುದರಿಂದ ಮೊದಲು ಒಣಗಿದಂತೆಯೇ ಕೆರೆಯಿರಿ. ಸೀಳಿನಷ್ಟೇ ದಪ್ಪವಿರುವ ಸಣ್ಣ ಗರಗಸದ ಬ್ಲೇಡಿನ ತುಂಡನ್ನು ಅರದಿಂದ ಉಜ್ಜಿ ಕೊಕ್ಕೆಯಂತೆ ಮಾಡಿಕೊಳ್ಳಿ. ಅದನ್ನು ಮೆಲ್ಲಗೆ ನಿಮ್ಮ ಕಡೆಗೆ ಎಳೆಯಿರಿ. ಗೋಡೆಯ ಮರ ಹೋಗಬಾರದು, ಅಂಟು ಮಾತ್ರ ಬರಬೇಕು. ಸೀಳು ಅಗಲವಾದರೆ ಮುಳ್ಳಿಗೆ ಕಚ್ಚಲು ಏನೂ ಉಳಿಯುವುದಿಲ್ಲ. ತುದಿಗಳನ್ನು ವಿಶೇಷವಾಗಿ ನೋಡಿರಿ. ಹಲಗೆಯ ಮೇಲ್ಮೈ ಕಮಾನಿನಂತೆ ಇರುವುದರಿಂದ ತುದಿಯಲ್ಲಿ ಆಳ ಕಡಿಮೆ, ಅಂಟು ಸೇರುವುದೂ ಅಲ್ಲಿಯೇ. ಕೊನೆಗೆ ನಾಲಗೆಯಷ್ಟೇ ಆಳದ ಗುರುತು ಹಾಕಿದ ತೆಳು ತಗಡನ್ನು ಈ ತುದಿಯಿಂದ ಆ ತುದಿಗೆ ಓಡಿಸಿ ಪರೀಕ್ಷಿಸಿರಿ.

ಕೆರೆದರೂ ಬಾರದಿದ್ದರೆ ಅಂಟಿನ ಜಾತಿ ತಿಳಿಯಬೇಕು. ಚರ್ಮ, ಎಲುಬು ಕುದಿಸಿ ಮಾಡುವ ಸರೇಸು ಬಿಸಿನೀರಿಗೆ ಕರಗುತ್ತದೆ. ಫೆವಿಕಾಲ್‌ನಂಥ ಬಿಳಿ ಅಂಟು ಬಿಸಿಗೂ ತೇವಕ್ಕೂ ಮೆತ್ತಗಾಗುತ್ತದೆ. ಎಪಾಕ್ಸಿ ಬಿಸಿಗೆ ಮೆತ್ತಗಾಗುತ್ತದೆ, ಕರಗುವುದಿಲ್ಲ. ಸೂಪರ್ ಗ್ಲೂ ಅಸಿಟೋನಿಗೆ ಸಡಿಲವಾಗುತ್ತದೆ. ಆದರೆ ಅಸಿಟೋನು ಪ್ಲಾಸ್ಟಿಕ್ ಅಂಚುಪಟ್ಟಿಯನ್ನೂ ಕರಗಿಸೀತು, ಪಾಲಿಶನ್ನೂ ಕೆಡಿಸೀತು. ನೀರನ್ನು ಸುರಿಯಬೇಡಿರಿ, ಹಲಗೆಯನ್ನು ಹಿಡಿದಿರುವುದೂ ಅದೇ ಅಂಟೇ. ಕುಂಚದ ತುದಿಯಿಂದ ಒಂದೆರಡು ಹನಿ ಸಾಕು. ಮರ ಪೂರ್ತಿ ಒಣಗಿದ ಮೇಲೆಯೇ ಫ್ರೆಟ್ ಕೂರಿಸಿರಿ. ಇವೆಲ್ಲಕ್ಕಿಂತ ಉತ್ತಮವೆಂದರೆ ಅಂಟು ಹಸಿಯಿರುವಾಗಲೇ ತೆಳು ರಟ್ಟಿನ ಚೂರಿನಿಂದ ತೆಗೆದುಬಿಡುವುದು.

ಇನ್ನು ನಿಮ್ಮ ದೇಹದ ಮಾತು. ಸೂಪರ್ ಗ್ಲೂವಿಗೆ ಬಿಸಿ ತಗುಲಿದರೆ ಏಳುವ ಹೊಗೆ ಕಣ್ಣನ್ನೂ ಗಂಟಲನ್ನೂ ಉರಿಸುತ್ತದೆ. ಅಸಿಟೋನಿನ ಆವಿ ಒಂದು ಕಿಡಿಗೂ ಹೊತ್ತಿಕೊಳ್ಳುತ್ತದೆ. ಬೀಟೆ, ಕರಿಮರಗಳ ಪುಡಿಯಿಂದ ಕೆಲವರಿಗೆ ತುರಿಕೆಯೂ ಉಬ್ಬಸವೂ ಬರುತ್ತವೆ. ಮರದ ಪುಡಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿಯೇ ಪ್ರಕಟಿಸಿದೆ. ಸೀಳಿನ ಪುಡಿಯನ್ನು ಬಾಯಿಯಿಂದ ಊದುವ ಅಭ್ಯಾಸ ಬಿಡಿರಿ. ಕುಂಚದಿಂದ ಗುಡಿಸಿರಿ, ಮುಖಕ್ಕೆ ಮಾಸ್ಕ್ ಹಾಕಿರಿ, ಕಿಟಕಿ ತೆರೆದಿಡಿರಿ.

ಮರದ ಬೆಲೆಯನ್ನೂ ನೆನಪಿಡಿರಿ. ಅಮೆರಿಕದ ನಜರೇತ್ ಊರಿನ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲಿನ ಬೀಟೆಯನ್ನು ಬಿಟ್ಟು ಭಾರತದ ಬೀಟೆಗೆ ಬಂದಿತು. ವಯನಾಡು, ನೀಲಗಿರಿ, ಕೊಡಗುಗಳ ಕಾಡಿನಲ್ಲಿ ಬೆಳೆಯುವ ಮರವೇ ಅದು. 2017ರ ಜನವರಿಯಿಂದ ಬೀಟೆಯ ಕುಲದ ಮರಗಳೆಲ್ಲ ಅಂತಾರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಗಾದವು. ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು, ಹಸಿ ಮರಕ್ಕೆ ಸಿಕ್ಕಲಿಲ್ಲ. ಅವಸರದಿಂದ ಸೀಳು ಕೆಟ್ಟರೆ ಹೋಗುವುದು ಅಂಥ ಹಲಗೆ.

ಒಂದು ಮಾತು ಕೆಲಸ ಕೊಡುವವರಿಗೂ ಸಲ್ಲಬೇಕು. ಎಣಿಕೆಯ ಮೇಲೆ ಕೂಲಿ ಕೊಡುವ ಕಡೆ ಈ ಕೆಲಸಕ್ಕೆ ಲೆಕ್ಕವೇ ಇರುವುದಿಲ್ಲ. ಕೆರೆಯುತ್ತ ಕೂತವನ ಕೂಲಿ ಕಡಿಮೆಯಾಗುತ್ತದೆ, ಹೊಡೆದು ಮುಚ್ಚಿದವನಿಗೆ ಹೆಚ್ಚು ಸಿಗುತ್ತದೆ. ಹಾಗಿರುವಾಗ ಒಳ್ಳೆಯ ಗಿಟಾರ್ ಬರಲಿಲ್ಲವೆಂದು ಕೆಲಸಗಾರನನ್ನು ದೂರುವುದು ನ್ಯಾಯವಲ್ಲ. ಸೀಳು ಶುಚಿ ಮಾಡುವ ಹೊತ್ತೂ ಕೆಲಸದ ಹೊತ್ತೇ. ಅದಕ್ಕೆ ಕೂಲಿ ಕೇಳಿರಿ, ಮಾಸ್ಕನ್ನೂ ಕೇಳಿರಿ. ಒಬ್ಬೊಬ್ಬರಾಗಿ ಕೇಳುವುದಕ್ಕಿಂತ ಎಲ್ಲರೂ ಕೂಡಿ ಕೇಳಿರಿ.