ರಕ್ತದೊತ್ತಡ: ಮೊಲ, ಹಾವು, ನಾಯಿ ಮತ್ತು ನಮ್ಮವ್ವ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸ)



ಸಂಘದವರು ಫೋನ್ ಮಾಡಿ, "ಸರ್, ವಿಜ್ಞಾನದ ಮ್ಯಾಲೆ ಏನರ ಮಾತಾಡ್ರಿ, ಆದರ ಮಂದಿಗೆ ತಿಳಿಯೂ ಹಂಗ ಮಾತಾಡ್ರಿ" ಅಂದರು. ಮೂವತ್ತು ವರ್ಷ ವೈದ್ಯಕೀಯ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸಿದವನಿಗೆ ಎರಡನೆಯ ಷರತ್ತು ತುಸು ಕಠಿಣವೇ. ಪ್ರಯತ್ನ ಮಾಡುತ್ತೇನೆ.

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ನಮ್ಮ ವಿಜ್ಞಾನದ ಮಾಸ್ತರರು ಕುರಿಯ ಮೂತ್ರಪಿಂಡವೊಂದನ್ನು ತರಿಸಿ, ಬ್ಲೇಡಿನಿಂದ ಸೀಳಿ ತೋರಿಸಿದ್ದರು. ಅರ್ಧ ವರ್ಗ ಮೂಗು ಮುಚ್ಚಿಕೊಂಡಿತ್ತು. "ಇದು ರಕ್ತದ ಸಾಣಿಗಿ ನೋಡ್ರಿ" ಎಂದಿದ್ದರು. ಮಾತು ಸರಿಯೇ. ಆದರೆ ಆ ಸಾಣಿಗೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಇವತ್ತಿನ ಮಾತು ಅದರ ಬಗ್ಗೆ.

ರಕ್ತಕ್ಕೆ ಒತ್ತಡವಿದೆ ಎಂದು ಮೊದಲು ಅಳೆದು ತೋರಿಸಿದವನು ಇಂಗ್ಲೆಂಡಿನ ಒಬ್ಬ ಪಾದ್ರಿ, ಸ್ಟೀಫನ್ ಹೇಲ್ಸ್. ಕುದುರೆಯ ರಕ್ತನಾಳಕ್ಕೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿದಾಗ ರಕ್ತ 8 ಅಡಿಗೂ ಮೇಲೆ ಏರಿ ನಿಂತಿತು. 1733ರಲ್ಲಿ ಅವನು ಇದನ್ನು ಪುಸ್ತಕ ಮಾಡಿ ಪ್ರಕಟಿಸಿದ. ಒತ್ತಡವೇನೋ ಇದೆ, ಅದನ್ನು ಏರಿಸಿ ಇಳಿಸುವವರು ಯಾರು?

1898ರಲ್ಲಿ ಸ್ಟಾಕ್‌ಹೋಮಿನಲ್ಲಿ ಟೈಗರ್‌ಸ್ಟೆಟ್ ಮತ್ತು ಅವನ ಶಿಷ್ಯ ಬರ್ಗ್‌ಮನ್ ಮೊಲದ ಮೂತ್ರಪಿಂಡವನ್ನು ಅರೆದು, ಅದರ ರಸವನ್ನು ಇನ್ನೊಂದು ಮೊಲದ ರಕ್ತಕ್ಕೆ ಸೇರಿಸಿದರು. ಮೊಲದ ರಕ್ತದೊತ್ತಡ ಏರಿತು. ಆ ರಸದಲ್ಲಿದ್ದ ವಸ್ತುವಿಗೆ ರೆನಿನ್ ಎಂದು ಹೆಸರಿಟ್ಟರು. ಅಂದರೆ ನಮ್ಮ ಮಾಸ್ತರರ ಸಾಣಿಗೆ ಬರೀ ಸೋಸುವುದಿಲ್ಲ, ರಕ್ತದೊಳಗೆ ಏನನ್ನೋ ಬಿಡುತ್ತದೆ.

ಸ್ವಾರಸ್ಯ ಇರುವುದು ಮುಂದೆ. ರೆನಿನ್ ತಾನಾಗಿ ಒತ್ತಡ ಏರಿಸುವುದಿಲ್ಲ, ಅದೊಂದು ಕತ್ತರಿ. ಯಕೃತ್ತು ರಕ್ತಕ್ಕೆ ಬಿಡುವ ಒಂದು ದೊಡ್ಡ ಪ್ರೋಟೀನಿನ ತುದಿಯನ್ನು ಅದು ಕತ್ತರಿಸುತ್ತದೆ. ಹತ್ತು ಮಣಿಗಳ ತುಂಡೊಂದು ಬೀಳುತ್ತದೆ. ಮುಖ್ಯವಾಗಿ ಪುಪ್ಪುಸದಲ್ಲಿರುವ ಇನ್ನೊಂದು ಕತ್ತರಿ ಅದರಿಂದ ಎರಡು ಮಣಿ ತೆಗೆಯುತ್ತದೆ. ಉಳಿದ ಎಂಟು ಮಣಿಗಳ ಸರವೇ ಆಂಜಿಯೊಟೆನ್ಸಿನ್. ಅದು ರಕ್ತನಾಳಗಳನ್ನು ಬಿಗಿಯುತ್ತದೆ, ಮೂತ್ರಪಿಂಡಕ್ಕೆ ಉಪ್ಪನ್ನು ಹಿಡಿದಿಡಲು ಹೇಳುತ್ತದೆ. ಮನುಷ್ಯನ ಸರಕ್ಕೂ ಆಕಳ ಸರಕ್ಕೂ ಒಂದೇ ಮಣಿಯ ವ್ಯತ್ಯಾಸ. ಆದರೆ ಕತ್ತರಿಯ ವಿಷಯ ಹಾಗಲ್ಲ: ಮನುಷ್ಯನ ರೆನಿನ್ ಇಲಿಯ ಪ್ರೋಟೀನನ್ನು ಕತ್ತರಿಸಲಾರದು. ಇಲಿಯಲ್ಲಿ ಔಷಧ ಪರೀಕ್ಷಿಸಹೋದವರಿಗೆ ಇದರಿಂದ ಬಹಳ ತೊಂದರೆಯಾಯಿತು.

ಹಿಸ್ಟಮಿನ್ ಇನ್ನೂ ವಿಚಿತ್ರ. ಬೆಕ್ಕು, ನಾಯಿಗೆ ಕೊಟ್ಟರೆ ಒತ್ತಡ ಇಳಿಯುತ್ತದೆ. ಮೊಲಕ್ಕೆ ಕೊಟ್ಟರೆ ಏರುತ್ತದೆ. ಒಂದು ಪ್ರಾಣಿಯಲ್ಲಿ ಕಂಡದ್ದನ್ನು ಇನ್ನೊಂದಕ್ಕೆ ಅವಸರದಿಂದ ಅನ್ವಯಿಸಬಾರದು ಎಂದು ನಾನು ಪ್ರತಿ ವರ್ಷ ಹುಡುಗರಿಗೆ ಹೇಳುತ್ತಿದ್ದದ್ದು ಇದನ್ನೇ ಮುಂದಿಟ್ಟುಕೊಂಡು.

ನಾಯಿಯ ಮಾತು ಬಂದಿತು, ಮುಧೋಳವನ್ನು ಬಿಟ್ಟು ಹೋಗುವಂತಿಲ್ಲ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಮ್ಮ ಮುಧೋಳ ನಾಯಿ ಓಟದ ನಾಯಿಗಳ ಬಳಗದ್ದು. ಅದೇ ಬಳಗದ ಗ್ರೇಹೌಂಡ್ ನಾಯಿಗಳಲ್ಲಿ ರಕ್ತದೊತ್ತಡವೂ ಕೆಂಪು ರಕ್ತಕಣಗಳ ಪ್ರಮಾಣವೂ ಬೇರೆ ನಾಯಿಗಳಿಗಿಂತ ಹೆಚ್ಚು. ಓಡುವಾಗ ಗುಲ್ಮ ಕುಗ್ಗಿ, ಕೂಡಿಟ್ಟ ಕಣಗಳನ್ನು ರಕ್ತಕ್ಕೆ ತಳ್ಳುತ್ತದೆ. ಬೇರೆ ನಾಯಿಯ ಅಳತೆ ಹಿಡಿದು ನೋಡಿದರೆ ಗಟ್ಟಿಮುಟ್ಟಾದ ಗ್ರೇಹೌಂಡಿಗೂ ಬಿಪಿ ಅನ್ನಬೇಕಾದೀತು! ಜಿರಾಫೆಯ ಒತ್ತಡವಂತೂ ನಮ್ಮದರ ಸುಮಾರು ಎರಡು ಪಟ್ಟು; ಅಷ್ಟೆತ್ತರದ ತಲೆಗೆ ರಕ್ತ ಏರಬೇಕಲ್ಲ. ಅದು ಅದರ ಆರೋಗ್ಯ. ನಮಗೆ ಅದೇ ಅಂಕಿ ಬಂದರೆ ಆಸ್ಪತ್ರೆ.

ಇನ್ನು ಹಾವು. ಕಬ್ಬಿನ ಹೊಲದವರಿಗೆ ಕೊಳಕುಮಂಡಲದ ಪರಿಚಯ ನಾನು ಮಾಡಿಕೊಡಬೇಕಿಲ್ಲ. ಅದರ ವಿಷ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತದೆ, ಒತ್ತಡ ಕುಸಿಯಬಹುದು, ಮೂತ್ರಪಿಂಡ ಕೆಡಬಹುದು. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ನೇರ ದವಾಖಾನೆಗೆ, ಪ್ರತಿವಿಷ ಇರುವಲ್ಲಿಗೆ.

ಬ್ರೆಜಿಲ್ ದೇಶದಲ್ಲಿ ಜರರಾಕಾ ಎಂಬ ಮಂಡಲದ ಜಾತಿಯ ಹಾವಿದೆ. 1949ರಲ್ಲಿ ಅಲ್ಲಿಯ ರೋಶಾ ಇ ಸಿಲ್ವಾ ಮತ್ತು ಸಂಗಡಿಗರು, ಅದರ ವಿಷವನ್ನು ನಾಯಿಯ ರಕ್ತಕ್ಕೆ ಬೆರೆಸಿದಾಗ ರಕ್ತದಿಂದಲೇ ಹೊಸ ವಸ್ತುವೊಂದು ಹುಟ್ಟುವುದನ್ನು ವರದಿ ಮಾಡಿದರು. ರಕ್ತನಾಳ ಸಡಿಲಿಸಿ ಒತ್ತಡ ಇಳಿಸುವ ಅದಕ್ಕೆ ಬ್ರಾಡಿಕೈನಿನ್ ಎಂದು ಹೆಸರು. ಸಿಲ್ವಾ ಅವರ ಶಿಷ್ಯ ಫೆರೇರಾ ಅದೇ ವಿಷದಲ್ಲಿ ಇನ್ನೊಂದನ್ನು ಕಂಡರು: ಬ್ರಾಡಿಕೈನಿನ್ ಬೇಗ ನಾಶವಾಗದಂತೆ ತಡೆಯುವ ಅಂಶ. ಬ್ರಾಡಿಕೈನಿನನ್ನು ನಾಶ ಮಾಡುವವನು ಯಾರೆಂದು ನೋಡಿದರೆ, ಪುಪ್ಪುಸದ ಆ ಎರಡನೆಯ ಕತ್ತರಿಯೇ! ಒಂದು ಕೈಯಲ್ಲಿ ಒತ್ತಡ ಏರಿಸುವುದನ್ನು ತಯಾರಿಸುತ್ತದೆ, ಇನ್ನೊಂದು ಕೈಯಲ್ಲಿ ಇಳಿಸುವುದನ್ನು ಅಳಿಸುತ್ತದೆ. ಆ ಕತ್ತರಿಯನ್ನು ಹಿಡಿದು ನಿಲ್ಲಿಸಿದರೆ ಎರಡೂ ಕಡೆಯಿಂದ ಲಾಭ. ಈ ಸುಳಿವು ಹಿಡಿದು ಅಮೆರಿಕದಲ್ಲಿ ಕುಶ್‌ಮನ್ ಮತ್ತು ಒಂಡೆಟ್ಟಿ ಕ್ಯಾಪ್ಟೊಪ್ರಿಲ್ ತಯಾರಿಸಿದರು. 1981ರಲ್ಲಿ ಅದಕ್ಕೆ ಅಲ್ಲಿ ಅನುಮತಿ ಸಿಕ್ಕಿತು. ಈ ಸಭೆಯಲ್ಲಿ ಎನಾಲಪ್ರಿಲ್, ರಾಮಿಪ್ರಿಲ್ ಗುಳಿಗೆ ನುಂಗುವವರು ಇದ್ದರೆ, ಅದರ ಹಿಂದೆ ಒಂದು ಹಾವಿದೆ ಎಂದು ತಿಳಿಯಿರಿ.

ಈ ಗುಳಿಗೆಗೆ ಒಂದು ದೋಷವಿದೆ. ಬ್ರಾಡಿಕೈನಿನ್ ಹೆಚ್ಚಾಗಿ ಉಳಿಯುವುದರಿಂದ ಕೆಲವರಿಗೆ ಒಣಕೆಮ್ಮು ಹತ್ತುತ್ತದೆ. ಇದನ್ನು ನಾನು ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತಿದ್ದೆ.

ಬನಹಟ್ಟಿಯ ಮನೆಯಲ್ಲಿ ನಮ್ಮವ್ವನಿಗೆ ಇದೇ ಗುಳಿಗೆ ಬರೆದುಕೊಟ್ಟಿದ್ದರು. ಅವಳಿಗೆ ಕೆಮ್ಮು ಹತ್ತಿತು. ಜೀವಮಾನವೆಲ್ಲ ಕಂಡಿಕೆ ಸುತ್ತಿದವಳು. ಮಗ್ಗದ ಧೂಳಿನ ಕೆಮ್ಮು ಎಂದುಕೊಂಡಳು. ಮುಂದೆ ಗುಳಿಗೆ ಒಂದು ವಾರ ಮುಗಿದಿತ್ತು, ಕೆಮ್ಮು ಇಳಿಯಿತು. ಅವಳು ಜಾಣೆ, ತಾನೇ ಲೆಕ್ಕ ಹಾಕಿ ಗುಳಿಗೆ ಬಿಟ್ಟಳು. ಫೋನಿನಲ್ಲಿ ನಾನು "ಅರಾಮ ಅದಿ ಏನಬೇ?" ಅಂದರೆ "ಅರಾಮ ಅದೀನಿ, ಕೆಮ್ಮೂ ಹೋತು ನೋಡಪಾ" ಅಂದಳು. ಕೆಮ್ಮು ಹೇಗೆ ಹೋಯಿತು ಎಂದು ನಾನು ಕೇಳಲಿಲ್ಲ. ನಾಲ್ಕು ತಿಂಗಳಿಗೆ ಲಕ್ವಾ ಹೊಡೆಯಿತು. ಎಡಗೈ ಈಗಲೂ ಪೂರ್ತಿ ಮಡಚುವುದಿಲ್ಲ.

ಕೆಮ್ಮು ತರದ ಗುಳಿಗೆಗಳಿವೆ. ಲೊಸಾರ್ಟನ್ ಎಂಬುದು ಕತ್ತರಿಯನ್ನು ಮುಟ್ಟದೆ, ಆಂಜಿಯೊಟೆನ್ಸಿನ್ ಕೂರುವ ಜಾಗವನ್ನಷ್ಟೇ ಹಿಡಿದುಕೊಳ್ಳುತ್ತದೆ. ಅವ್ವ ಈಗ ಅದನ್ನೇ ತಗೊಳ್ಳುತ್ತಾಳೆ. ಡಾಕ್ಟರಿಗೆ ಒಂದು ಮಾತು ಹೇಳಿದ್ದರೆ ಆಗಲೇ ಬದಲಿಸುತ್ತಿದ್ದರು. ಆ ಮಾತನ್ನು ಕೇಳಿ ಹೇಳಬೇಕಾದವನು ನಾನಾಗಿದ್ದೆ.

ಉಪ್ಪಿನ ಬಗ್ಗೆ ಎರಡೇ ಮಾತು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಚಹಾ ಚಮಚಕ್ಕೂ ಕಡಿಮೆ. ನಮ್ಮ ಜೋಳದ ರೊಟ್ಟಿ ನಿರಪರಾಧಿ. ಅದರ ಪಕ್ಕದಲ್ಲಿ ಕೂರುವ ಉಪ್ಪಿನಕಾಯಿ, ಕೆಂಪುಖಾರ, ಹಪ್ಪಳ ವಿಚಾರಣೆಗೆ ಅರ್ಹ.

ಗೆಳೆಯರು ಬಿಪಿ ಅಳೆಯುವ ಎರಡು ಯಂತ್ರ ತಂದಿದ್ದಾರೆ. ಒಂಬತ್ತನೆಯ ತರಗತಿಯ ಕೋಣೆಯಲ್ಲಿ, ಹಳೆಯ ಬೋರ್ಡಿನ ಕೆಳಗೇ ಇಟ್ಟಿದ್ದೇವೆ. ಮಕ್ಕಳೆ, ಊಟಕ್ಕೆ ಏಳುವ ಮುಂಚೆ ನಿಮ್ಮ ಅಪ್ಪ, ಅವ್ವ, ಆಯಿ, ಮುತ್ಯಾ ಯಾರು ಬಂದಿದ್ದರೂ ಕೈ ಹಿಡಿದು ಕರೆತನ್ನಿ. ಐದು ನಿಮಿಷ ಸುಮ್ಮನೆ ಕೂಡ್ರಿಸಿ; ಅದಕ್ಕೂ ಅರ್ಧ ತಾಸು ಮೊದಲಿನಿಂದ ಚಹಾ, ಬೀಡಿ, ತಂಬಾಕು ಬೇಡ. 140ರ ಮೇಲೆ 90 ಅಥವಾ ಅದಕ್ಕಿಂತ ಹೆಚ್ಚು ಬಂದವರ ಚೀಟಿಯನ್ನು ಬೇರೆ ಇಡುತ್ತೇವೆ, ಇನ್ನೊಂದು ದಿನ ಮತ್ತೆ ನೋಡಬೇಕು. ಗುಳಿಗೆ ಬಿಟ್ಟವರಿದ್ದರೆ ಯಾಕೆ ಬಿಟ್ಟಿರಿ ಎಂದು ನಾನೇ ಕೇಳುತ್ತೇನೆ. ಬಯ್ಯುವುದಿಲ್ಲ. ನಮ್ಮವ್ವನೂ ಬಂದಿದ್ದಾಳೆ, ಹಿಂದೆ ಕಂಬದ ಹತ್ತಿರ ಕುಳಿತಿದ್ದಾಳೆ. ಸರದಿಯಲ್ಲಿ ಮೊದಲು ಅವಳದೇ.