ಉಸಿರಾಡುತ್ತಲೇ ವಿಮಾನ ಹತ್ತುವ ಮಾವು

ಮೇ ತಿಂಗಳಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಹೋದರೆ ಕಣ್ಣು ಹಾಯಿಸಿದಲ್ಲೆಲ್ಲ ಮಾವಿನ ತೋಪು. ಬಾದಾಮಿ, ರಸಪುರಿ, ಬೇನಿಷಾ, ಮಲ್ಲಿಕಾ, ತೋತಾಪುರಿ. ಕರ್ನಾಟಕದ ಮಾವಿನಲ್ಲಿ ಹೆಚ್ಚಿನದು ನಮ್ಮ ಸಂತೆಗಳಿಗೆ, ತಿರುಳು ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ಸ್ವಲ್ಪ ಭಾಗ ಮಾತ್ರ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಹೊರದೇಶಕ್ಕೆ ಹಾರುತ್ತದೆ. ಉದಾಹರಣೆಗೆ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಇಲ್ಲಿಂದ ಸುಮಾರು 14,000 ಕಿಲೋಮೀಟರ್ ದೂರ. ಮನೆಯ ಬುಟ್ಟಿಯಲ್ಲಿಟ್ಟ ಹಣ್ಣು ನಾಲ್ಕೈದು ದಿನಕ್ಕೇ ಮೆತ್ತಗಾಗಿ ಕಪ್ಪು ಚುಕ್ಕೆ ಬಿಡುತ್ತದೆ. ಹಾಗಿದ್ದ ಮೇಲೆ ಅಷ್ಟು ದೂರ ಹೋದ ಮಾವು ಕೆಡದೆ ಹೇಗೆ ತಲುಪುತ್ತದೆ?

ಅದಕ್ಕೆ ಮೊದಲು ಒಂದು ಸಂಗತಿ ತಿಳಿದುಕೊಳ್ಳಬೇಕು. ಮರದಿಂದ ಕಿತ್ತ ಮಾತ್ರಕ್ಕೆ ಮಾವು ಸಾಯುವುದಿಲ್ಲ. ಅದರ ಒಳಗಿನ ಜೀವಕೋಶಗಳು ಕೆಲಸ ಮಾಡುತ್ತಲೇ ಇರುತ್ತವೆ. ಗಾಳಿಯಿಂದ ಆಮ್ಲಜನಕ ಎಳೆದುಕೊಂಡು, ತನ್ನೊಳಗಿನ ಸಕ್ಕರೆಯನ್ನು ಸ್ವಲ್ಪ ಸ್ವಲ್ಪವೇ ಕರಗಿಸಿ, ಇಂಗಾಲದ ಡೈಆಕ್ಸೈಡನ್ನೂ ನೀರಿನ ಆವಿಯನ್ನೂ ಹೊರಗೆ ಬಿಡುತ್ತದೆ. ಅದೇ ಹಣ್ಣಿನ ಉಸಿರಾಟ. ಉಸಿರಾಡಿದಾಗ ಬಿಸಿಯೂ ಹುಟ್ಟುತ್ತದೆ. ನೂರಾರು ಕಾಯಿಗಳನ್ನು ಗಾಳಿಯಾಡದ ಕಡೆ ರಾಶಿ ಹಾಕಿ, ಮರುದಿನ ರಾಶಿಯ ನಡುವೆ ಕೈ ಹಾಕಿ ನೋಡಿದರೆ ಬೆಚ್ಚಗಿರುತ್ತದೆ.

ಮಾವು ಇನ್ನೊಂದು ಅನಿಲವನ್ನೂ ಬಿಡುತ್ತದೆ. ಅದರ ಹೆಸರು ಎಥಿಲೀನ್. ‘ಹಣ್ಣಾಗು’ ಎಂದು ಕಾಯಿಗೆ ಸೂಚನೆ ಕೊಡುವುದು ಅದೇ. ಎಥಿಲೀನ್ ಹೆಚ್ಚಾದ ಹಾಗೆ ಪಿಷ್ಟ ಸಕ್ಕರೆಯಾಗುತ್ತದೆ, ಹುಳಿ ಇಳಿಯುತ್ತದೆ, ಗಟ್ಟಿ ತಿರುಳು ಮೆದುವಾಗುತ್ತದೆ, ಘಮ ಏಳುತ್ತದೆ. ಒಂದು ಕಾಯಿ ಬಿಟ್ಟ ಎಥಿಲೀನ್ ಪಕ್ಕದ ಕಾಯಿಯನ್ನೂ ಹಣ್ಣು ಮಾಡುತ್ತದೆ. ಹಳ್ಳಿಗಳಲ್ಲಿ ಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿ ಅಡೆ ಹಾಕುತ್ತಾರಲ್ಲ, ಅಲ್ಲಿ ನಡೆಯುವುದು ಇದೇ. ಹುಲ್ಲು ಬೆಚ್ಚಗಿಡುತ್ತದೆ, ಎಥಿಲೀನ್ ಆಚೆ ಹೋಗದಂತೆ ತಡೆಯುತ್ತದೆ. ಎಥಿಲೀನ್ ಎಂಬ ಹೆಸರು ಗೊತ್ತಿಲ್ಲದ ಕಾಲದಲ್ಲೇ ನಮ್ಮ ಅಜ್ಜಿಯರು ಅದನ್ನು ಇಷ್ಟು ಚೆನ್ನಾಗಿ ದುಡಿಸಿಕೊಂಡರು ಎಂಬುದು ನನಗೆ ಬಹಳ ಹೆಮ್ಮೆಯ ವಿಷಯ.

ದೂರ ಕಳಿಸುವವರು ಮಾಡುವುದು ಅಡೆ ಹಾಕುವುದಕ್ಕೆ ಪೂರ್ತಿ ಉಲ್ಟಾ. ಅವರಿಗೆ ಬೇಕಾದದ್ದು ಬಲಿತ, ಆದರೆ ಇನ್ನೂ ಹಣ್ಣಾಗದ ಗಟ್ಟಿ ಕಾಯಿ. ಬಲಿತಿದೆಯೋ ಇಲ್ಲವೋ ಎಂದು ತಿಳಿಯಲು ಮೊದಲು ತೊಟ್ಟಿನ ಸುತ್ತ ನೋಡುತ್ತಾರೆ. ಎಳೆ ಕಾಯಿಗೆ ಅಲ್ಲಿ ಇಳಿಜಾರು. ಬಲಿತ ಕಾಯಿಗೆ ಹೆಗಲು ತುಂಬಿಕೊಂಡು, ತೊಟ್ಟು ಸಣ್ಣ ಗುಳಿಯಲ್ಲಿ ಕೂತ ಹಾಗೆ ಕಾಣುತ್ತದೆ. ಬಕೆಟ್ ನೀರಿಗೆ ಹಾಕಿಯೂ ನೋಡಬಹುದು. ಎಳೆಯದು ತೇಲುತ್ತದೆ, ಬಲಿತದ್ದು ಮುಳುಗುತ್ತದೆ.

ಕೀಳುವಾಗ ತೊಟ್ಟನ್ನು ಉದ್ದಕ್ಕೆ ಬಿಟ್ಟು ಕತ್ತರಿಸುತ್ತಾರೆ. ಬುಡಕ್ಕೇ ಮುರಿದರೆ ಸೊನೆ ಚಿಮ್ಮುತ್ತದೆ. ಆ ಸೊನೆ ಬಿದ್ದ ಕಡೆ ಸಿಪ್ಪೆ ಸುಟ್ಟು ಕಂದು ಗೆರೆ ಮೂಡುತ್ತದೆ, ಮುಂದೆ ಕೊಳೆಯಲು ಅಲ್ಲಿಂದಲೇ ಶುರು. ಅದಕ್ಕೇ ನೆರಳಿಗೆ ತಂದ ಮೇಲೆ ತೊಟ್ಟು ಕತ್ತರಿಸಿ, ಕಾಯಿಯನ್ನು ತಲೆಕೆಳಗಾಗಿ ನಿಲ್ಲಿಸಿ, ಸೊನೆಯೆಲ್ಲ ನೆಲಕ್ಕೆ ಸೋರಿಹೋಗಲು ಬಿಡುತ್ತಾರೆ. ತೋಪಿನಲ್ಲಿ ಈ ಒಂದು ಕೆಲಸ ಅವಸರದಲ್ಲಿ ಮಾಡಿದರೆ ಮುಂದಿನ ಯಂತ್ರಗಳೆಲ್ಲ ಸೇರಿದರೂ ಆ ಕಾಯಿಯನ್ನು ಉಳಿಸಲಾರವು.

ಇನ್ನು ತಂಪು. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಹಣ್ಣಿನ ಉಸಿರಾಟದ ವೇಗ ಅರ್ಧಕ್ಕೋ ಅದಕ್ಕೂ ಕಡಿಮೆಗೋ ಇಳಿಯುತ್ತದೆ. ಹಾಗಿದ್ದರೆ ಐಸ್‌ನಷ್ಟು ತಣ್ಣಗೆ ಇಟ್ಟುಬಿಡಬಹುದಲ್ಲ ಎಂದು ನೀವು ಕೇಳಬಹುದು. ಹಿಮಾಚಲದ ಸೇಬಿಗೆ ಅದು ಆದೀತು. ಸೊನ್ನೆ ಡಿಗ್ರಿಯ ಹತ್ತಿರದಲ್ಲೂ ಸೇಬು ತಿಂಗಳುಗಟ್ಟಲೆ ಹಾಯಾಗಿರುತ್ತದೆ. ಮಾವು ಬಿಸಿನಾಡಿನ ಮರದ್ದು. ಬಲಿತ ಕಾಯಿಯನ್ನು ಸುಮಾರು 12 ಡಿಗ್ರಿಗಿಂತ ಕೆಳಗೆ ಹೆಚ್ಚು ದಿನ ಇಟ್ಟರೆ ಅದರ ಜೀವಕೋಶಗಳ ತೆಳು ಪೊರೆಗಳು ಹಾಳಾಗುತ್ತವೆ. ಸಿಪ್ಪೆ ಬೂದು ತಿರುಗುತ್ತದೆ, ಆಮೇಲೆ ಎಷ್ಟು ದಿನ ಹೊರಗಿಟ್ಟರೂ ಸರಿಯಾಗಿ ಹಣ್ಣಾಗುವುದಿಲ್ಲ, ರುಚಿಯೂ ಬರುವುದಿಲ್ಲ. ಆದ್ದರಿಂದ 12-13 ಡಿಗ್ರಿಯ ಆಸುಪಾಸಿನಲ್ಲೇ ಕಾಯಬೇಕು.

   

ತಂಪು ಒಂದೇ ಸಾಲದು. ನಮ್ಮ ಮಾವಿನ ಒಳಗೆ ಹಣ್ಣುನೊಣದ ಮರಿಯೋ, ವಾಟೆಯೊಳಗೆ ಮೂತಿಹುಳುವೋ ಅಡಗಿರಬಹುದು. ಮೂತಿಹುಳು ಪುಟ್ಟ ಕಾಯಿಯ ಮೇಲೆ ಮೊಟ್ಟೆ ಇಡುತ್ತದೆ. ಮರಿ ಕೊರೆದುಕೊಂಡು ವಾಟೆ ಸೇರುತ್ತದೆ. ಕಾಯಿ ಬೆಳೆದ ಹಾಗೆ ಆ ದಾರಿ ಮುಚ್ಚಿಹೋಗಿ, ಹೊರಗಿನಿಂದ ಗುರುತೇ ಸಿಗುವುದಿಲ್ಲ. ಅಂಥ ಹುಳು ಬೇರೆ ದೇಶದ ತೋಟಗಳಿಗೆ ನುಗ್ಗಬಾರದು ಎಂಬ ಭಯ ನ್ಯಾಯವಾದದ್ದೇ. ಇಂಥ ಕೀಟಗಳ ಕಾರಣಕ್ಕೇ ಅಮೆರಿಕ ಬಹಳ ವರ್ಷ ನಮ್ಮ ಮಾವನ್ನು ಒಳಗೆ ಬಿಟ್ಟಿರಲಿಲ್ಲ. 2007ರಲ್ಲಿ ಬಾಗಿಲು ತೆರೆದಾಗ ಹಾಕಿದ ಷರತ್ತು: ಪ್ರತಿ ಪೆಟ್ಟಿಗೆಗೂ ಗಾಮಾ ಕಿರಣ ಹಾಯಿಸಿರಬೇಕು. ಮೊದಲು ಈ ಕೆಲಸ ನಡೆದದ್ದು ಮಹಾರಾಷ್ಟ್ರದ ಲಾಸಲ್‌ಗಾಂವ್‌ನಲ್ಲಿ. ನಂತರ ನಮ್ಮ ಕೋಲಾರ ಜಿಲ್ಲೆಯ ಮಾಲೂರಿನಲ್ಲೂ ಅಂಥ ಘಟಕ ಬಂತು.

ಕಿರಣ ಬರುವುದು ಕೋಬಾಲ್ಟ್-60 ಎಂಬ ಲೋಹದಿಂದ. ಕಿರಣದ ಪ್ರಮಾಣವನ್ನು ‘ಗ್ರೇ’ ಎಂಬ ಮಾನದಲ್ಲಿ ಅಳೆಯುತ್ತಾರೆ; ಹಣ್ಣಿನ ಮೇಲೆ ಕನಿಷ್ಠ 400 ಗ್ರೇ ಬೀಳಬೇಕು. ಆ ಪ್ರಮಾಣಕ್ಕೆ ಹುಳು ಕೂಡಲೇ ಸಾಯಬೇಕೆಂದೇನೂ ಇಲ್ಲ, ಆದರೆ ಅದಕ್ಕೆ ಮುಂದೆ ಮರಿ ಆಗುವುದಿಲ್ಲ. ಹಣ್ಣು ವಿಷವಾಗುತ್ತದೆಯೇ? ಇಲ್ಲ. ಟಾರ್ಚಿನ ಬೆಳಕು ಬಿದ್ದ ಗೋಡೆ ತಾನೇ ಬೆಳಕು ಬಿಡಲು ಶುರು ಮಾಡುವುದಿಲ್ಲವಲ್ಲ, ಹಾಗೆ. ಕಿರಣ ಹಾದುಹೋಗುತ್ತದೆ, ಹಣ್ಣಿನಲ್ಲಿ ಉಳಿಯುವುದಿಲ್ಲ. ಯುರೋಪಿಗೆ ಹೋಗುವ ಮಾವಿಗೆ ಬೇರೆ ಉಪಾಯ: 48 ಡಿಗ್ರಿಯ ಬಿಸಿನೀರಿನಲ್ಲಿ ಒಂದು ಗಂಟೆಯ ಸ್ನಾನ.

ಮಾವು ತುಂಬುವ ರಟ್ಟಿನ ಪೆಟ್ಟಿಗೆಯಲ್ಲಿ ತೂತುಗಳಿರುತ್ತವೆ. ಉಸಿರಾಟದ ಬಿಸಿಯೂ ಎಥಿಲೀನೂ ಹೊರಗೆ ಹೋಗಬೇಕಲ್ಲ. ಆ ತೂತುಗಳಿಗೆ ಒಳಗಿನಿಂದ ಸಣ್ಣ ಕಣ್ಣಿನ ಬಲೆ ಅಂಟಿಸುತ್ತಾರೆ. ಗಾಳಿಗೆ ದಾರಿ, ನೊಣಕ್ಕೆ ತಡೆ.

ವಿಮಾನ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುವಾಗ ಹೊರಗಿನ ಗಾಳಿ ಸೊನ್ನೆಗಿಂತ 50 ಡಿಗ್ರಿ ಕೆಳಗಿರುತ್ತದೆ. ಆದರೆ ಪ್ರಯಾಣಿಕರ ಕಾಲಡಿಯ ಸರಕಿನ ಕೋಣೆಗೂ ಮೇಲಿನಷ್ಟೇ ಗಾಳಿಯ ಒತ್ತಡ ಕೊಟ್ಟಿರುತ್ತಾರೆ, ಅಲ್ಲಿನ ಉಷ್ಣತೆಯನ್ನೂ ಕಾಯಬಹುದು. ಆಕಾಶದಲ್ಲಿ ಮಾವಿಗೆ ಅಷ್ಟೇನೂ ಕಷ್ಟವಿಲ್ಲ.

ನಿಜವಾದ ಕಷ್ಟ ನೆಲದ ಮೇಲೆ. ತಂಪು ಕೋಣೆಯಿಂದ ತೆಗೆದ ಪೆಟ್ಟಿಗೆಗಳು ವಿಮಾನದ ಪಕ್ಕದಲ್ಲಿ, ಮೇ ತಿಂಗಳ ಬಿಸಿಲಿಗೆ ಕಾದ ನೆಲದ ಮೇಲೆ ಕಾಯುತ್ತಾ ನಿಂತರೆ ಉಸಿರಾಟ ಮತ್ತೆ ಜೋರಾಗುತ್ತದೆ. ತಣ್ಣನೆಯ ಸಿಪ್ಪೆಗೆ ಬೆಚ್ಚನೆಯ ತೇವದ ಗಾಳಿ ತಗುಲಿ ಬೆವರುಹನಿ ಮೂಡುತ್ತದೆ. ಅಂಥ ತೇವ ಸಿಕ್ಕರೆ ಶಿಲೀಂಧ್ರ ಬೆಳೆದು ಚಿಬ್ಬು ರೋಗದ ಕಪ್ಪು ಕಲೆಗಳಾಗಬಹುದು. ಅದಕ್ಕೇ ರಾಶಿಯ ಮೇಲೆ ಬೆಳ್ಳಿ ಬಣ್ಣದ ಹೊದಿಕೆ ಹೊದಿಸಿ ಬಿಸಿಲನ್ನು ವಾಪಸು ಕಳಿಸುತ್ತಾರೆ, ವಿಮಾನಕ್ಕೆ ತುಂಬುವ ಹೊತ್ತನ್ನು ಆದಷ್ಟು ಕಡಿಮೆ ಮಾಡುತ್ತಾರೆ. ಬಿಸಿಲಲ್ಲಿ ಓಡಾಡಿ ಈ ಕೆಲಸ ಮಾಡುವವರ ಹೆಸರು ಪೆಟ್ಟಿಗೆಯ ಮೇಲೆ ಇರುವುದಿಲ್ಲ. ಹಣ್ಣು ಚೆನ್ನಾಗಿ ತಲುಪಿದರೆ ಅರ್ಧ ಪುಣ್ಯ ಅವರದು ಎಂದೇ ನಾನು ಹೇಳುತ್ತೇನೆ.

ಇಷ್ಟೆಲ್ಲ ಮಾಡಿ ಕಳಿಸಿದ ಮಾವಿಗೆ ಅಲ್ಲಿ ಬೆಲೆ ಹೆಚ್ಚು. ವಿಮಾನ ಸುಡುವ ಇಂಧನವೂ ಹಡಗಿಗಿಂತ ಬಹಳ ಹೆಚ್ಚು. ಆದರೆ ಹಡಗಿನಲ್ಲಿ ಅಮೆರಿಕ ತಲುಪಲು ಸುಮಾರು ಒಂದು ತಿಂಗಳು ಬೇಕು. ಅಷ್ಟು ದಿನ ಮಾವಿನ ಉಸಿರನ್ನು ನಿಧಾನವಾಗಿಡುವ ದಾರಿಗಳನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ.

ಈ ಬೇಸಿಗೆಯಲ್ಲಿ ಮನೆಗೆ ಬಲಿತ ಮಾವಿನಕಾಯಿ ಬಂದಾಗ ನೀವೂ ಒಂದು ಪ್ರಯೋಗ ಮಾಡಿ ನೋಡಿ. ಒಂದು ಕಾಯಿಯನ್ನು ಹಣ್ಣಾದ ಬಾಳೆಯ ಜೊತೆ ಕಾಗದದ ಚೀಲದಲ್ಲಿ ಸುತ್ತಿಡಿ, ಇನ್ನೊಂದನ್ನು ಫ್ರಿಜ್ಜಿನಲ್ಲಿಡಿ. ದಿನವೂ ಮೂಸಿ ನೋಡಿ, ಮೆಲ್ಲಗೆ ಒತ್ತಿ ನೋಡಿ, ಕಂಡದ್ದನ್ನು ಬರೆದಿಡಿ. ಎರಡು ವಾರದ ಮೇಲೆ ಫ್ರಿಜ್ಜಿನ ಕಾಯಿಯನ್ನು ಹೊರಗಿಟ್ಟು, ಅದು ಹೇಗೆ ಹಣ್ಣಾಗುತ್ತದೆಂದು ಮನೆಯವರಿಗೂ ತೋರಿಸಿ. ಇನ್ನು ಮುಂದೆ ಮಾವನ್ನು ಹಣ್ಣಾದ ಮೇಲಷ್ಟೇ ಫ್ರಿಜ್ಜಿನಲ್ಲಿ ಇಡಲು ಹೇಳಿ.